ವನಜಾಕ್ಷಿಗೆ ಮಾಡದ ಫೋನು

ಪಂಚಾಯತ್ ಕಚೇರಿಗೆ ಹೊಸದಾಗಿ ಸೇರಿದ ಮಕ್ಕಳು ಒಮ್ಮೊಮ್ಮೆ ನನ್ನ ಮನೆಗೆ ಬರುತ್ತಾರೆ. ಬಂದು ಕೂತು ಮೊದಲು ಕೇಳುವುದು ಬಡ್ತಿ ಎಷ್ಟು ವರ್ಷಕ್ಕೆ, ದೂರದ ವರ್ಗ ತಪ್ಪಿಸಿಕೊಳ್ಳುವುದು ಹೇಗೆ ಎಂದು. ಎರಡೂ ನನಗೆ ಸರಿಯಾಗಿ ಗೊತ್ತಿಲ್ಲ. ಕ್ಲರ್ಕಾಗಿ ಸೇರಿದೆ, ಹೆಡ್ ಕ್ಲರ್ಕಾಗಿ ಹೊರಗೆ ಬಂದೆ. ನಡುವೆ ನಡೆದದ್ದೆಲ್ಲ ಸರ್ವಿಸ್ ಪುಸ್ತಕದಲ್ಲಿದೆ, ಓದಿದರೆ ನಿದ್ದೆ ಬರುತ್ತದೆ. ನಾನು ಹೇಳಬಲ್ಲದ್ದು ಮತದಾರರ ಪಟ್ಟಿಯ ವಿಷಯ. ಆ ಕೆಲಸದಲ್ಲಿ ಒಂದು ಪಾಠ ಕಲಿತೆ, ಮೂವತ್ತು ವರ್ಷ ಅದನ್ನು ಪಾಲಿಸಿದೆ, ಕೊನೆಗೆ ಒಬ್ಬಳ ವಿಷಯದಲ್ಲಿ ಬೇಕೆಂದೇ ಮರೆತೆ. ಆ ಒಬ್ಬಳು ರಾಜ್ಯಸಭೆಯ ಕುರ್ಚಿ ಬಿಟ್ಟು ನಮ್ಮ ವಾರ್ಡಿಗೆ ಬಂದವಳು. ಅವಳ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು ಎಂದು ಬರೆಯಬೇಕು. ಆದರೆ ಈಗಲೂ ಇದೆ, ಅದಕ್ಕೇ ಇದೆ ಎಂದೇ ಬರೆಯುತ್ತೇನೆ.

ನಮ್ಮವರು ಮುತ್ತಜ್ಜನ ಕಾಲದಲ್ಲಿ ಗುಂಡ್ಲುಪೇಟೆ ಕಡೆಯಿಂದ ಕಾಡು ದಾಟಿ ಬಂದು ಇಲ್ಲಿ ಗದ್ದೆ ಮಾಡಿದವರು. ಮನೆಯೊಳಗೆ ಕನ್ನಡ, ಗೇಟು ದಾಟಿದರೆ ಮಲಯಾಳ. ಕಚೇರಿಯಲ್ಲಿ ನಾನು ರತ್ನ ಚೇಚಿ, ಅಂದರೆ ರತ್ನಕ್ಕ; ಮನೆಯಲ್ಲಿ ರತ್ನಿ. ನಾನಿದ್ದ ಪಂಚಾಯತಿಯ ಹೆಸರು ಬೇಡ. ಕಚೇರಿ ಕಲ್ಲೂರಿನಿಂದ ಬಸ್ಸಿನಲ್ಲಿ ಹೋಗುವಷ್ಟು ದೂರ, ಒಂದು ಕಡೆ ಗದ್ದೆ, ಇನ್ನೊಂದು ಕಡೆ ಆನೆ ಬರುವ ಕಾಡು.

ಸೇರಿದ ಹೊಸತರಲ್ಲಿ ನನಗೆ ಕೊಟ್ಟ ಕೆಲಸ ಪಟ್ಟಿ ತಿದ್ದುವುದು. ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ: ಲೋಕಸಭೆ, ವಿಧಾನಸಭೆಗೆ ಒಂದು ಮತದಾರರ ಪಟ್ಟಿ, ಪಂಚಾಯತಿಗೆ ಬೇರೆಯೇ ಪಟ್ಟಿ. ಒಂದರಲ್ಲಿ ಹೆಸರಿದ್ದರೆ ಇನ್ನೊಂದರಲ್ಲಿ ಇರಲೇಬೇಕೆಂದಿಲ್ಲ. ಪಂಚಾಯತ್ ಪಟ್ಟಿಯನ್ನು ನಾವೇ ಇಟ್ಟುಕೊಂಡು ನಾವೇ ತಿದ್ದುತ್ತೇವೆ. ತಿದ್ದುವ ಕಾಲ ಬಂದರೆ ಎರಡು ಕಡೆಯ ಪಾರ್ಟಿಯವರೂ ಕಟ್ಟುಕಟ್ಟು ಅರ್ಜಿ ತರುತ್ತಾರೆ. ಇಂಥವರು ಊರಲ್ಲಿಲ್ಲ, ಇಂಥವರು ಸತ್ತಿದ್ದಾರೆ, ಹೆಸರು ತೆಗೆಯಿರಿ ಎಂದು. ಯಾರ ಹೆಸರಿಗೆ ತಕರಾರು ಬಂದಿದೆಯೋ ಅವರಿಗೆ ನೋಟೀಸು ಕೊಟ್ಟು ಹಿಯರಿಂಗಿಗೆ ಕರೆಯಬೇಕು. ಮನೆಗೆ ಬೀಗವಿದ್ದರೆ ಬಾಗಿಲಿಗೆ ನೋಟೀಸು ಅಂಟಿಸಿದರೆ ಸಾಕು. ಆಮೇಲೂ ಬರದಿದ್ದರೆ ಹೆಸರಿಗೆ ಗೆರೆ.

ನಾನು ಮೊದಲ ಸಲ ಗೆರೆ ಎಳೆದವರಲ್ಲಿ ಕೆಂಚಯ್ಯ ಒಬ್ಬ. ಕಾಡಂಚಿನಲ್ಲಿ ಒಬ್ಬನೇ ಇದ್ದ ಮುದುಕ. ನೋಟೀಸು ಮಲಯಾಳದಲ್ಲಿ, ಅವನಿಗೆ ಯಾವ ಅಕ್ಷರವೂ ಬಾರದು. ಕಾಗದ ಬಾಗಿಲಿಗೆ ಅಂಟಿದ್ದನ್ನು ನೋಡಿ ಯಾವುದೋ ಇಂಜೆಕ್ಷನ್ ಹಾಕುವವರು ಬಂದು ಹೋದ ಗುರುತು ಎಂದುಕೊಂಡನಂತೆ. ಚುನಾವಣೆಯ ದಿನ ಒಗೆದ ಪಂಚೆ ಉಟ್ಟು ಬೂತಿಗೆ ಬಂದರೆ ಪಟ್ಟಿಯಲ್ಲಿ ಅವನು ತೀರಿಕೊಂಡಿದ್ದ. ಮಾರನೇ ದಿನ ನನ್ನ ಮೇಜಿನ ಮುಂದೆ ಬಂದು ನಿಂತ.

"ನಾ ಸತ್ತೋಗಿವ್ನಿ ಅಂತ ನಂಗೇ ಯಾರೂ ಹೇಳ್ನಿಲ್ವಲ್ಲವ್ವಾ," ಎಂದ. ಜಗಳ ಆಡಲಿಲ್ಲ. ನಿಜಕ್ಕೂ ಬೇಜಾರಾಗಿತ್ತು ಅವನಿಗೆ.

ಆಗ ಸೆಕ್ರೆಟರಿಯಾಗಿದ್ದವರು ವರ್ಗೀಸ್ ಸಾರ್, ನಮ್ಮನ್ನೆಲ್ಲ ಮೋಳೆ, ಅಂದರೆ ಮಗಳೇ, ಎಂದು ಕರೆಯುವವರು. ನಾನು ಫೈಲು ತೆಗೆದುಕೊಂಡು ಹೋಗಿ, ಸಾರ್, ಎಲ್ಲ ಕ್ರಮದಂತೆ ಮಾಡಿದ್ದೇನೆ ಎಂದೆ. ಅವರು ಫೈಲು ಬಿಚ್ಚಲೇ ಇಲ್ಲ. "ಫೈಲು ಸರಿ ಇದೆ ಅಂತ ನಂಗೆ ಗೊತ್ತು ಮೋಳೆ. ಆ ಮುದುಕನಿಗೆ ಹೇಳಿ ಕಳಿಸೋಕೆ ನಿಂಗೆ ಒಬ್ಬ ಮನುಷ್ಯ ಸಿಗಲಿಲ್ವಾ?" ಎಂದು ಕೇಳಿದರು. ನನ್ನ ಕಣ್ಣಲ್ಲಿ ನೀರು ಬಂತು. ಅವತ್ತೇ ನಿಶ್ಚಯ ಮಾಡಿಕೊಂಡೆ, ನೋಟೀಸಿನ ಮೇಲೆ ಒಂದು ಬಾಯಿಮಾತೂ ಹೋಗಬೇಕೆಂದು. ಮೊದಮೊದಲು ಹಾಲಿನ ವ್ಯಾನಿನವನ ಹತ್ತಿರ, ಬಸ್ ಕಂಡಕ್ಟರ್ ಹತ್ತಿರ ಹೇಳಿ ಕಳಿಸುತ್ತಿದ್ದೆ. ಆಮೇಲೆ ಎಲ್ಲರ ಮನೆಗೂ ಫೋನು ಬಂತು. ನಿಮಗೆ ಹಿಯರಿಂಗ್ ಇದೆ, ಇಷ್ಟು ಗಂಟೆಗೆ ಬನ್ನಿ, ಇಂಥ ಕಾಗದ ತನ್ನಿ, ಈ ಬಸ್ಸು ಹಿಡಿದರೆ ಸರಿಯಾದ ಹೊತ್ತಿಗೆ ಬರುತ್ತೀರಿ. ಇಷ್ಟನ್ನು ಒಂದೇ ಉಸಿರಿಗೆ ಹೇಳುವುದು ನನಗೆ ಬಾಯಿಪಾಠವಾಗಿತ್ತು. ಪಟ್ಟಿ ಕೈಬರಹದಿಂದ ಕಂಪ್ಯೂಟರಿಗೆ ಹೋಯಿತು, ಸೆಕ್ರೆಟರಿಗಳು ಬಂದರು, ಹೋದರು. ನನ್ನ ಫೋನು ನಿಲ್ಲಲಿಲ್ಲ. ಊರಲ್ಲಿ ಜನ ನೋಟೀಸು ಓದುವುದನ್ನೇ ಬಿಟ್ಟರು. ರತ್ನ ಫೋನ್ ಮಾಡ್ತಾಳೆ ಬಿಡು, ಎನ್ನುತ್ತಿದ್ದರು. ಈ ಮಾತು ಕಿವಿಗೆ ಬಿದ್ದಾಗ ನನಗೆ ಆಗುತ್ತಿದ್ದ ಖುಷಿ ಯಾವ ಬಡ್ತಿಯಲ್ಲೂ ಆಗಲಿಲ್ಲ.

ದಿಲ್ಲಿಯವರ ಸಹವಾಸ ನನಗೆ ಮೊದಲು ಆದದ್ದು ಒಂದು ಉಪಚುನಾವಣೆಯಲ್ಲಿ. ಪಕ್ಕದ ಜಿಲ್ಲೆಯ ಒಬ್ಬ ಲೋಕಸಭಾ ಸದಸ್ಯರು ಅವಧಿ ಅರ್ಧವಿರುವಾಗಲೇ ವಿಧಾನಸಭೆಗೆ ನಿಂತು ಗೆದ್ದು, ಮಂತ್ರಿಯಾಗುವ ಆಸೆಗೆ ದಿಲ್ಲಿ ಬಿಟ್ಟರು. ಖಾಲಿಯಾದ ಜಾಗಕ್ಕೆ ಮತ್ತೆ ಚುನಾವಣೆ. ನಮ್ಮ ಕಡೆಯಿಂದಲೂ ಕೆಲವರನ್ನು ಡ್ಯೂಟಿಗೆ ಹಾಕಿದರು. ಬೆಟ್ಟದ ಮೇಲಿನ ಒಂದು ಶಾಲೆಗೆ ಮತಯಂತ್ರದ ಪೆಟ್ಟಿಗೆ ಹೊತ್ತುಕೊಂಡು ಹತ್ತುವಾಗ ವರ್ಗೀಸ್ ಸಾರ್ ನಿಂತು ಸುಧಾರಿಸಿಕೊಂಡು, "ದಿಲ್ಲಿಯಲ್ಲಿ ಕೂತವನಿಗೆ ಊರು ನೆನಪಾದರೆ ನಮ್ಮ ಬೆನ್ನು ಮುರೀತದೆ," ಎಂದು ಬೈದರು. ಆ ಸದಸ್ಯರು ಮಂತ್ರಿಯೂ ಆಗಲಿಲ್ಲ. ಸಿಕ್ಕಿದ್ದನ್ನು ಬಿಟ್ಟು ಬರುವವರ ತಲೆಯಲ್ಲಿ ಏನಿರುತ್ತದೆ ಎಂದು ನಾನು ಅವತ್ತಿನಿಂದ ಯೋಚಿಸುತ್ತಿದ್ದೆ. ನಮಗಂತೂ ಬಿಟ್ಟು ಬರಲು ಏನೂ ಸಿಕ್ಕಿರಲಿಲ್ಲ.

ಈಗ ವನಜಾಕ್ಷಿ. ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗದ್ದೆ. ಕಲ್ಲೂರಿನ ಶಾಲೆಗೆ ಒಟ್ಟಿಗೆ ನಡೆದವರು, ಮಲಯಾಳ ಉಚ್ಚಾರ ಸರಿಯಿಲ್ಲವೆಂದು ಒಟ್ಟಿಗೆ ನಗೆಪಾಟಲಾದವರು. ನಗೆಪಾಟಲಾಗಿ ನಾನು ಬಾಯಿ ಮುಚ್ಚಿದೆ. ಅವಳು ಮೂರು ತಿಂಗಳು ಕನ್ನಡಿ ಮುಂದೆ ಅಭ್ಯಾಸ ಮಾಡಿ, ಸ್ವಾತಂತ್ರ್ಯ ದಿನದಂದು ಮಲಯಾಳದಲ್ಲೇ ಭಾಷಣ ಬಿಗಿದಳು. ಭಾಷಣ ಬರೆದುಕೊಟ್ಟವಳು ನಾನು. ಹೆಡ್‌ಮಾಸ್ಟರು ಬೆನ್ನು ತಟ್ಟಿದ್ದು ಅವಳ ಬೆನ್ನನ್ನು. ಅಲ್ಲಿಂದ ಶುರುವಾಗಿರಬೇಕು ನನ್ನ ಈ ಕಾಯಿಲೆ.

ಅವಳು ಕಾಲೇಜಿನಲ್ಲಿ ಪಾರ್ಟಿ ಸೇರಿದಳು, ನಾನು ಪರೀಕ್ಷೆ ಬರೆದು ಕಚೇರಿ ಸೇರಿದೆ. ಅವಳು ಜೈಲಿಗೆ ಹೋಗಿ ಬಂದಳು, ನಾನು ಹೆರಿಗೆ ರಜೆಗೆ ಹೋಗಿ ಬಂದೆ. ಒಂದು ದಿನ ಟೀವಿಯಲ್ಲಿ ಅವಳ ಹೆಸರು ಬಂತು, ರಾಜ್ಯಸಭೆಗೆ ಆಯ್ಕೆ ಎಂದು. ಜನರ ವೋಟು ಕೇಳುವ ಗೊಡವೆಯೂ ಇಲ್ಲ, ಆ ಸಭೆಗೆ ಶಾಸಕರೇ ಆರಿಸಿ ಕಳಿಸುತ್ತಾರೆ. ಅದೂ ಅವಳ ಅದೃಷ್ಟ. ನಾನು ಮೂಗು ಮುರಿದದ್ದನ್ನು ಕಂಡು ನನ್ನ ಗಂಡ, "ನಿನ್ನ ಹೊಟ್ಟೆ ಉರೀಲಿ ಒಂದು ಸೇರು ಅನ್ನ ಬೇಯಿಸ್ಬೋದು ಕಣೆ," ಎಂದರು. ಅವರು ಕಲ್ಲೂರಿನಲ್ಲಿ ದಿನಸಿ ಅಂಗಡಿಯವರು, ಮಾತಿನಲ್ಲೂ ಸೇರು ಪಾವು ಬಿಡುವುದಿಲ್ಲ.

ಒಮ್ಮೆ ಅವಳು ನಮ್ಮ ಪಂಚಾಯತಿಗೆ ಬಸ್ ತಂಗುದಾಣ ಉದ್ಘಾಟಿಸಲು ಬಂದಳು. ಅವಳ ಸಂಸದರ ನಿಧಿಯಿಂದ ಕಟ್ಟಿದ್ದು. ಅದರ ಫೈಲು ನಾನೇ ಏಳು ಸಲ ಮೇಲಿನ ಕಚೇರಿಗೆ ಓಡಾಡಿ ಪಾಸು ಮಾಡಿಸಿದ್ದು. ಕಲ್ಲಿನಲ್ಲಿ ಕೆತ್ತಿದ್ದು ಅವಳ ಹೆಸರು. ಕಾರ್ಯಕ್ರಮ ಮುಗಿಸಿ ನೇರ ನನ್ನ ಮೇಜಿಗೆ ಬಂದು, ಕುರ್ಚಿ ಎಳೆದುಕೊಂಡು ಕೂತು, ಫೋಟೋದವರ ಎದುರೇ, "ಏನಮ್ಮಿ ರತ್ನಿ, ಇನ್ನೂ ಅದೇ ಅಕ್ಷರ, ಮುತ್ತು ಪೋಣಿಸ್ದಂಗೆ!" ಎಂದು ನನ್ನ ರಿಜಿಸ್ಟರ್ ಎತ್ತಿ ತೋರಿಸಿದಳು. ನನ್ನ ಅರ್ಧ ಕುಡಿದ ಚಹಾವನ್ನು ಕುಡಿದಳು. ಮರುದಿನ ಪೇಪರಿನಲ್ಲಿ ಫೋಟೋ ಬಂತು, ಅದರಲ್ಲಿ ಅವಳ ಮುಖ, ನನ್ನ ಮೊಣಕೈ.

ನಿವೃತ್ತಿಗೆ ಒಂದು ವರ್ಷವಿರುವಾಗ ನನಗೂ ಒಂದು ಆಸೆ ಹುಟ್ಟಿತು. ಹುಟ್ಟಿಸಿದವನು ಮತ್ತಾಯಿ ಚೇಟ, ಅಂದರೆ ಮತ್ತಾಯಣ್ಣ. ವನಜಾಕ್ಷಿಯ ಪಾರ್ಟಿಯವನೇ, ನಮ್ಮ ವಾರ್ಡಿನಲ್ಲಿ ಅದರ ಮುಖಂಡ. ಒಂದು ದಿನ ಕಚೇರಿಯ ವರಾಂಡದಲ್ಲಿ ನಿಲ್ಲಿಸಿ, "ಚೇಚಿ, ಮುಂದಿನ ಸಲ ಪ್ರೆಸಿಡೆಂಟ್ ಸ್ಥಾನ ಹೆಂಗಸರಿಗೆ. ನಮ್ಮ ವಾರ್ಡೂ ಹೆಂಗಸರದ್ದೇ. ನೀವು ರಿಟೈರ್ ಆಗಿ ಬನ್ನಿ, ಯಾರ ಮನೆಗೆ ಹೋದ್ರೂ ನಿಮ್ಮನ್ನ ಗೊತ್ತು," ಎಂದ. ನಾನು ಬೇಡ ಬೇಡ ಎಂದೆ. ಮನೆಗೆ ಹೋಗುವ ದಾರಿಯಲ್ಲಿ ಪ್ರೆಸಿಡೆಂಟ್ ಕುರ್ಚಿಯಲ್ಲಿ ಕೂತು ಮೂರು ಸೆಕ್ರೆಟರಿಗಳನ್ನು ಮನಸ್ಸಿನಲ್ಲೇ ಗದರಿಸಿದೆ. ಮೂವತ್ತು ವರ್ಷ ಆ ಕುರ್ಚಿಯ ಎದುರು ಫೈಲು ಹಿಡಿದು ನಿಂತವಳಿಗೆ ಆ ಆಸೆ ಬಂದರೆ ತಪ್ಪೇನು?

ಪಟ್ಟಿ ತಿದ್ದುವ ಕಾಲ ಬಂತು, ನನ್ನ ಸರ್ವಿಸಿನ ಕೊನೆಯದ್ದು. ಎದುರು ಪಾರ್ಟಿಯವರು ಎಂದಿನಂತೆ ತಕರಾರಿನ ಕಟ್ಟು ತಂದರು. ಊರು ಬಿಟ್ಟವರ ಹೆಸರುಗಳ ನಡುವೆ ವನಜಾಕ್ಷಿಯದ್ದೂ ಇತ್ತು. ಅವಳು ದಿಲ್ಲಿಯಲ್ಲಿ, ಊರ ಮನೆಗೆ ಬೀಗ. ತಕರಾರು ಕೊಟ್ಟವನು ಹೆಸರು ನೋಡಿ ಕೊಟ್ಟಿರಲಿಕ್ಕಿಲ್ಲ, ಬೀಗ ಹಾಕಿದ ಮನೆಗಳನ್ನು ಎಣಿಸಿ ಕೊಟ್ಟಿದ್ದ. ನಾನು ನೋಟೀಸು ಬರೆದೆ, ಪ್ಯೂನು ಹೋಗಿ ಅವಳ ಬಾಗಿಲಿಗೆ ಅಂಟಿಸಿ ಬಂದ. ನಂತರ ನನ್ನ ಪದ್ಧತಿಯಂತೆ ಫೋನಿಗೆ ಕೂತೆ. ಕುವೈತಿನಲ್ಲಿದ್ದ ನರ್ಸಿನ ಅಮ್ಮನಿಗೆ ಮಾಡಿದೆ. ಮಗನ ಮನೆಗೆ ಪಯ್ಯಂಪಳ್ಳಿಗೆ ಹೋಗಿದ್ದ ಮುದುಕಿಗೆ ಮಾಡಿದೆ. ಉಳಿದವರಿಗೆಲ್ಲ ಮಾಡಿದೆ.

ಅವತ್ತು ಬೆಳಿಗ್ಗೆಯೇ ಮತ್ತಾಯಿ ಚೇಟ ಬಂದು ಹೇಳಿದ್ದ, "ಒಂದು ಸುದ್ದಿ ಇದೆ ಚೇಚಿ. ವನಜಾಕ್ಷಿ ದಿಲ್ಲಿ ಬಿಟ್ಟು ಊರಿಗೆ ಬರ್ತಾರಂತೆ. ಪಂಚಾಯತಿಗೆ ನಿಲ್ತೀನಿ ಅಂತ ಹಟ ಹಿಡಿದಿದ್ದಾರಂತೆ. ನಿಮ್ಮ ವಿಷಯ ಆಮೇಲೆ ನೋಡೋಣ, ಆಯ್ತಾ?"

ಆಮೇಲೆ ನೋಡೋಣವಂತೆ. ಅವಳಿಗೆ ಇನ್ನೂ ಒಂದು ವರ್ಷ ಅವಧಿ ಇತ್ತು. ಜನ ಸಾಯುವವರೆಗೆ ಕಚ್ಚಿಕೊಳ್ಳುವ ಕುರ್ಚಿಯನ್ನು ಇವಳು ಬಿಟ್ಟು, ನನಗೆ ಮೊದಲ ಸಲ ಸಿಗಬಹುದಾಗಿದ್ದ ಮರದ ಕುರ್ಚಿಗೆ ಬರುತ್ತಾಳೆ. ಊರೆಲ್ಲ ತ್ಯಾಗಮಯಿ ಎಂದು ಕೈ ಮುಗಿಯುತ್ತದೆ. ಪಡೆಯುವುದರಲ್ಲೂ ಅವಳೇ, ಬಿಡುವುದರಲ್ಲೂ ಅವಳೇ! ನನ್ನ ಫೋನಿನಲ್ಲಿ ಅವಳ ನಂಬರು "ವನಜ ದಿಲ್ಲಿ" ಎಂದು ಇತ್ತು. ತೆಗೆದೆ. ಹೆಬ್ಬೆರಳನ್ನು ಅದರ ಮೇಲೆ ಇಟ್ಟೆ. ಆಮೇಲೆ ಫೋನು ಮಗುಚಿ ಮೇಜಿನ ಮೇಲಿಟ್ಟು ಚಹಾ ಕುಡಿಯಲು ಎದ್ದು ಹೋದೆ.

ಹಿಯರಿಂಗಿನ ದಿನ ಅವಳು ಬರಲಿಲ್ಲ, ಬರುವುದಾದರೂ ಹೇಗೆ. ಫೈಲಿನಲ್ಲಿ ಎಲ್ಲ ಸರಿ ಇತ್ತು: ನೋಟೀಸು, ಅಂಟಿಸಿದ ಬಾಗಿಲಿನ ಫೋಟೋ, ಸಾಕ್ಷಿ ಸಹಿ. ನಾನು ಮುತ್ತು ಪೋಣಿಸಿದ ಅಕ್ಷರದಲ್ಲಿ ಟಿಪ್ಪಣಿ ಬರೆದೆ, ಸೆಕ್ರೆಟರಿ ಸಹಿ ಹಾಕಿದರು. ಹೆಸರು ಹೋಯಿತು. ಒಂದು ತಿಂಗಳಿಗೆ ನಾನೂ ಹಾರ, ಶಾಲು, ಗೋಡೆ ಗಡಿಯಾರ ತೆಗೆದುಕೊಂಡು ನಿವೃತ್ತಳಾದೆ.

ಆದರೂ ಅವಳಿಗೆ ದಾರಿ ಮುಚ್ಚಿರಲಿಲ್ಲ. ಚುನಾವಣೆಗೆ ಮೊದಲು ಪಟ್ಟಿಗೆ ಹೆಸರು ಸೇರಿಸಲು ಇನ್ನೊಂದು ಅವಕಾಶ ಕೊಡುತ್ತಾರೆ. ಆ ವಾರವೇ ವನಜಾಕ್ಷಿ ಊರಿಗೆ ಬಂದಳು. ಕೊನೆಯ ದಿನಕ್ಕೆ ಎರಡು ದಿನ ಉಳಿದಿತ್ತು. ನೇರ ನಮ್ಮ ಮನೆಗೆ ಬಂದು ಅಡುಗೆಮನೆಯ ಮಣೆಯ ಮೇಲೆ ಕೂತಳು. ಕೂದಲು ನೆರೆತಿತ್ತು. ಕೇಳದೆಯೇ ಹೇಳಿದಳು:

"ಅಲ್ಲಿ ಐದು ವರ್ಷ ಆನೆ ತಡ್ಯೋ ಕಂದಕದ ಮೇಲೆ ಪ್ರಶ್ನೆ ಕೇಳ್ದೆ ಕಣಮ್ಮಿ. ಪ್ರತೀ ಸಲ ಅಚ್ಚು ಮಾಡಿ ಉತ್ತರ ಕೊಡೋರು, ಮಾಹಿತಿ ಸಂಗ್ರಹಿಸಲಾಗುತ್ತಿದೆ ಅಂತ. ನಮ್ಮ ಗದ್ದೆ ಪಕ್ಕದ ಕಂದಕದ ಮಾಹಿತಿ! ಎಲ್ಲಿಂದ ಎಲ್ಲಿಗೆ ತೋಡ್ಬೇಕು ಅಂತ ನೀನು ಗೆರೆ ಎಳ್ದು ಕೊಟ್ಟಿದ್ರೆ ಒಂದ್ ದಿನದ್ ಕೆಲ್ಸ. ಇಲ್ಲಾದ್ರೆ ಫೈಲು ಯಾರ ಮೇಜಿನ ಮೇಲದೆ ಅಂತ ಹೋಗಿ ನಿಂತ್ಕೊಬೋದು. ನಂಗೆ ಅಲ್ಲಿ ನಿಲ್ಲೋಕೂ ಜಾಗ ಇರ್ಲಿಲ್ಲ, ಬರೀ ಕೂರೋಕೆ."

"ಪಾರ್ಟಿಯವ್ರು ಏನಂದ್ರು?"

"ತಲೆ ಕೆಟ್ಟದೆ ಅಂದ್ರು. ವಿಧಾನಸಭೆಗಾದ್ರೂ ನಿಲ್ಲು ಅಂದ್ರು. ಆಗಲ್ಲ ಅಂದೆ." ಪರ್ಸಿನಿಂದ ಮತದಾರರ ಗುರುತಿನ ಕಾರ್ಡು ತೆಗೆದು ತೋರಿಸಿದಳು. "ನೋಡು, ಫೋಟೋದಲ್ಲಿ ಎಷ್ಟು ಚೆಂದಾಗಿವ್ನಿ. ನಮ್ಮ ಹುಡುಗ್ರು ನಂಬರ್ ಹಾಕಿ ನೋಡಿದ್ರು, ಪಟ್ಟೀಲಿ ಹೆಸರು ಅದೆ ಅಂದ್ರು."

ಹುಡುಗರು ನೋಡಿದ್ದು ಲೋಕಸಭೆಯ ಪಟ್ಟಿ. ಅದರಲ್ಲಿ ಅವಳಿದ್ದಳು. ಪಂಚಾಯತ್ ಪಟ್ಟಿಯಲ್ಲಿ ಇರಲಿಲ್ಲ. ಬಾಗಿಲಿಗೆ ಅಂಟಿಸಿದ್ದ ನೋಟೀಸು ಮಳೆಗೆ ಎಂದೋ ಹರಿದು ಹೋಗಿತ್ತು. ದೇಶಕ್ಕೆ ಕಾನೂನು ಮಾಡುವ ಸಭೆಯಲ್ಲಿ ಕೂತು ಬಂದವಳಿಗೆ ಪಟ್ಟಿ ಎರಡಿದೆ ಎನ್ನುವುದು ಹೊಳೆಯಲಿಲ್ಲ. ಆ ಕ್ಷಣ ನನ್ನ ಹೊಟ್ಟೆಯಲ್ಲಿ ತಣ್ಣಗೆ ಒಂದು ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಅವಳಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ಇಡೀ ಜೀವನದಲ್ಲಿ ಅದೊಂದೇ ಸಲ.

"ಹ್ಞೂಂ," ಎಂದೆ. ಕಾರ್ಡು ವಾಪಸು ಕೊಟ್ಟು ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ.

ನನ್ನ ವೃತ್ತಿಯ ಎಡವಟ್ಟುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಆ ಹ್ಞೂಂ. ಅದನ್ನು ಮಾಡಿದಾಗ ನಾನು ನಿವೃತ್ತಳಾಗಿ ತಿಂಗಳುಗಳಾಗಿದ್ದವು. ಎರಡು ದಿನ ಕಳೆಯಿತು, ಕೊನೆಯ ದಿನ ದಾಟಿತು. ಆ ಎರಡು ದಿನವೂ ನಾನು ಅಕ್ಕಿ ಆರಿಸಿದೆ, ಬಟ್ಟೆ ಒಗೆದೆ, ಫೋನಿನ ಕಡೆ ನೋಡಲಿಲ್ಲ.

ನಾಮಪತ್ರದ ಹಿಂದಿನ ದಿನ ಮತ್ತಾಯಿ ಚೇಟ ಮನೆಗೆ ಬಂದ. "ಚೇಚಿ, ನೀವು ಡಮ್ಮಿಯಾಗಿ ಒಂದು ಪತ್ರ ಹಾಕ್ಬೇಕು." ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪಾರ್ಟಿಯ ಅಭ್ಯರ್ಥಿಯ ಪತ್ರ ಏನಾದರೂ ತಪ್ಪಾಗಿ ತಿರಸ್ಕಾರವಾದರೆ ಜಾಗ ಖಾಲಿ ಬೀಳಬಾರದೆಂದು ಇನ್ನೊಬ್ಬರಿಂದಲೂ ಪತ್ರ ಹಾಕಿಸುತ್ತಾರೆ. ಮೊದಲಿನದು ಸ್ವೀಕಾರವಾದ ಮೇಲೆ ಇವರು ವಾಪಸು ತೆಗೆದುಕೊಳ್ಳಬೇಕು. ಅವರಿಗೆ ಡಮ್ಮಿ ಎನ್ನುತ್ತಾರೆ. ಪ್ರೆಸಿಡೆಂಟ್ ಆಗುತ್ತೀರಿ ಎಂದವನೇ ಡಮ್ಮಿಯಾಗಿ ಎಂದು ಕೇಳಲು ಬಂದಿದ್ದ. ಬೇರೆ ದಿನವಾಗಿದ್ದರೆ ಕಸಬರಿಗೆ ತೆಗೆದುಕೊಳ್ಳುತ್ತಿದ್ದೆ. ಅವತ್ತು ತಣ್ಣಗೆ ಒಪ್ಪಿಕೊಂಡೆ.

ಪಾರ್ಟಿ ಆಫೀಸಿನಲ್ಲಿ ಎರಡು ಪತ್ರವನ್ನೂ ತುಂಬಿದವಳು ನಾನೇ, ನನ್ನ ಅಕ್ಷರ ಚೆನ್ನಾಗಿದೆಯಲ್ಲ. ವನಜಾಕ್ಷಿಯ ಪತ್ರದಲ್ಲಿ ಪಟ್ಟಿಯ ಕ್ರಮಸಂಖ್ಯೆ ಬರೆಯುವ ಜಾಗ ಬಂತು. ಮತ್ತಾಯಿ ಚೇಟ ಫೋನು ನೋಡಿ, ಹುಡುಗರು ಕಳಿಸಿದ್ದ ಲೋಕಸಭೆ ಪಟ್ಟಿಯ ನಂಬರನ್ನೇ ಗಮನಿಸದೆ ಹೇಳಿದ. ಪಕ್ಕದಲ್ಲಿ ವನಜಾಕ್ಷಿ ಕಡಲೆಕಾಯಿ ಬಿಡಿಸಿ ನನ್ನ ಮುಂದೆಯೂ ನಾಲ್ಕು ಕಾಳು ಇಡುತ್ತಿದ್ದಳು. ನಾನು ಆ ನಂಬರನ್ನು ಬರೆದೆ.

ಪರಿಶೀಲನೆಯ ದಿನ ನಮ್ಮದೇ ಹಳೆಯ ಕಚೇರಿಯ ಹಾಲ್. ಚುನಾವಣಾಧಿಕಾರಿ ಹೊರಗಿನವರು. ಪಟ್ಟಿ ಹಿಡಿದು ಕೂತವಳು ಅಂಜು, ನಾನು ಕೆಲಸ ಕಲಿಸಿದ ಹುಡುಗಿ. ನನ್ನ ಪತ್ರ ಸ್ವೀಕಾರವಾಯಿತು. ವನಜಾಕ್ಷಿಯ ಸರದಿ ಬಂದಾಗ ಅಂಜು ಪುಟ ಮಗುಚಿದಳು, ಮತ್ತೆ ಮಗುಚಿದಳು, ನನ್ನ ಮುಖ ನೋಡಿದಳು. ಆ ನಂಬರಿನಲ್ಲಿ ಯಾರೋ ಬೇರೆಯವರಿದ್ದರು. ವನಜಾಕ್ಷಿ ಕಾರ್ಡು ಕೊಟ್ಟಳು. ಅಧಿಕಾರಿ ತಲೆಯಾಡಿಸಿ, ಈ ಕಾರ್ಡು ಇದ್ದರೆ ಸಾಲದು, ಪಂಚಾಯತ್ ಪಟ್ಟಿಯಲ್ಲಿ ಹೆಸರು ಬೇಕು ಎಂದರು. ಮತ್ತಾಯಿ ಚೇಟ ಕೂಗಾಡಿದ. ಹಳೆಯ ಫೈಲು ತರಿಸಿ ಎಂದು ಗಲಾಟೆ ಮಾಡಿದವನೂ ಅವನೇ.

ಫೈಲು ಬಂತು. ಅಧಿಕಾರಿ ಓದಿ ವನಜಾಕ್ಷಿಯ ಕೈಗೆ ಕೊಟ್ಟರು. ಅವಳು ನಿಧಾನ ಓದಿದಳು, ಬಾಗಿಲಿನ ಫೋಟೋ ನೋಡಿದಳು. ಅದು ಅವಳ ಅಪ್ಪ ಮಾಡಿಸಿದ ಬಾಗಿಲು. ಟಿಪ್ಪಣಿಯ ಪುಟಕ್ಕೆ ಬಂದು ನಿಂತಳು. ಅಕ್ಷರವನ್ನು ಬೆರಳಿನಿಂದ ಮುಟ್ಟಿದಳು.

"ಫೈಲು ಸರಿಯಾಗಿದೆ. ಇದರಲ್ಲಿ ತಪ್ಪೇನೂ ಇಲ್ಲ," ಎಂದು ಮಲಯಾಳದಲ್ಲಿ ಅಧಿಕಾರಿಗೆ ಹೇಳಿ ಎದ್ದಳು. ಪತ್ರ ತಿರಸ್ಕಾರವಾಯಿತು. ಡಮ್ಮಿ ಅಭ್ಯರ್ಥಿಯಾದಳು.

ವರಾಂಡದಲ್ಲಿ ಅವಳು ನನಗಾಗಿ ಕಾದಿದ್ದಳು. ಬೈಯುತ್ತಾಳೆ, ಜನರ ಮುಂದೆ ಮಾನ ಕಳೆಯುತ್ತಾಳೆ ಎಂದು ನಾನು ಸೆರಗು ಬಿಗಿ ಮಾಡಿಕೊಂಡೆ.

"ನಂಗೆ ನಿನ್ನ ಫೋನ್ ಬರ್ನಿಲ್ಲ ಅಮ್ಮಿ," ಎಂದಳು.

"ಕಾನೂನಿನ ಪ್ರಕಾರ ನೋಟೀಸು..." ಎಂದು ಶುರು ಮಾಡಿದೆ.

"ಓದ್ದೆ," ಎಂದಳು. "ಬೇರೆಯೋರಿಗೆಲ್ಲ ಮಾಡಿದ್ದಾ?"

ಕೇಳಿ, ಮೆಟ್ಟಿಲಿಳಿದು ರಸ್ತೆಗೆ ಹೋದಳು. ಅವಳ ಹೆಸರು ಕೆತ್ತಿದ ಬಸ್ ತಂಗುದಾಣ ಅಲ್ಲೇ ಎದುರಿಗಿತ್ತು. ಅದರೊಳಗೆ ಹೋಗಿ ಎಲ್ಲರಂತೆ ಬಸ್ಸಿಗೆ ಕಾದು ಕೂತಳು.

ಅವಳು ದಿಲ್ಲಿಗೆ ಹೋಗುತ್ತಾಳೆ, ಪಾರ್ಟಿ ಬೇರೆ ಏನಾದರೂ ಕೊಡುತ್ತದೆ ಎಂದುಕೊಂಡೆ. ಮೂರನೇ ದಿನ ಬೆಳಿಗ್ಗೆ ನನ್ನ ಗೇಟಿನಲ್ಲಿ ಚಪ್ಪಲಿ ಮೆಟ್ಟಿ ನಿಂತಿದ್ದಳು. "ಬಾ, ವೋಟು ಕೇಳುವಾ. ನಿಂಗೆ ಕೇಳೋಕ್ ಬರಲ್ಲ, ಶಾಲೇಲೂ ಬಾಯಿ ಬಿಡ್ತಿರ್ಲಿಲ್ಲ."

ಮನೆ ಮನೆಗೆ ಹೋದೆವು. ಮಲಯಾಳದವರಲ್ಲಿ ಮಲಯಾಳ, ನಮ್ಮವರಲ್ಲಿ ಕನ್ನಡ, ಅವಳ ಬಾಯಿ ನಿಲ್ಲುವುದಿಲ್ಲ. ಪ್ರತಿ ಅಂಗಳದಲ್ಲೂ ನನ್ನ ಭುಜದ ಮೇಲೆ ಕೈಯಿಟ್ಟು ಒಂದೇ ಮಾತು ಹೇಳುತ್ತಿದ್ದಳು. "ನಿಮ್ಮ ಹೆಸ್ರು ಪಟ್ಟಿಯಿಂದ ಹೋಗೋಕೆ ಬಿಡ್ದೆ ಫೋನ್ ಮಾಡಿ ಕರ್ದೋಳು ಯಾರು? ಇವಳೇ ಅಲ್ವಾ? ಕಾಗದ ಅಂಟ್ಸಿ ಕೈ ತೊಳ್ಕಂಡ್ಲಾ? ಇಲ್ಲ. ಒಬ್ಬೊಬ್ರಿಗೂ ಮಾಡವ್ಳೆ. ಇಂಥೋಳಿಗೆ ಹಾಕ್ದೆ ಇನ್ಯಾರಿಗೆ ಹಾಕ್ತೀರಿ?" ಜನ ಹೌದು ಹೌದು ಎನ್ನುತ್ತಿದ್ದರು. ಪಯ್ಯಂಪಳ್ಳಿಯಿಂದ ವಾಪಸು ಬಂದಿದ್ದ ಆ ಮುದುಕಿ ನನ್ನ ಕೈ ಹಿಡಿದು, "ಬಸ್ಸಿನ ಟೈಮೂ ಹೇಳಿದ್ಲು ನನ್ನವ್ವ," ಎಂದು ಅತ್ತಳು. ನಾನು ತಲೆ ತಗ್ಗಿಸಿ ನಿಂತಿದ್ದೆ. ನಾಚಿಕೆ ಸ್ವಭಾವ ಎಂದು ಜನ ಮೆಚ್ಚಿಕೊಂಡರು.

ವನಜಾಕ್ಷಿ ಚುಚ್ಚಲು ಹಾಗೆ ಹೇಳುತ್ತಿದ್ದಳೋ, ನಿಜವಾಗಿಯೇ ಹೇಳುತ್ತಿದ್ದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಮುಖದಲ್ಲಿ ವ್ಯತ್ಯಾಸ ಕಾಣಲಿಲ್ಲ. ಒಂದು ದಿನ ಗದ್ದೆಯ ಬದುವಿನ ಮೇಲೆ ನಡೆಯುವಾಗ ತಡೆಯಲಾರದೆ ಕೇಳಿಬಿಟ್ಟೆ, ಯಾಕೆ ಹೀಗೆ ಮಾಡುತ್ತೀಯ ಎಂದು. "ಕಂದಕದ ಫೈಲು ಯಾರಾದ್ರೂ ತಳ್ಬೇಕಲ್ಲ ಕಣೆ. ನಾನಾಗ್ನಿಲ್ಲ, ನೀನು ತಳ್ಳು," ಎಂದು ಮುಂದೆ ಹೋದಳು. ಅವಳಿಗೆ ನೋವಾಗಿಲ್ಲವೇ? ಆಗಿದೆ ಎಂದು ಅತ್ತಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ದೊಡ್ಡತನವನ್ನೂ ಅವಳೇ ತೆಗೆದುಕೊಂಡು ನನಗೆ ಬರೀ ಸೀಟು ಬಿಟ್ಟಿದ್ದಳು. ಹೊಟ್ಟೆ ಉರಿಯಿತು.

ಮತದಾನದ ದಿನ ಬೂತಿನ ಗೇಟಿನಿಂದ ಆಚೆ, ಸುಣ್ಣದ ಗೆರೆಯ ಹೊರಗೆ, ಬೆಳಗಿನಿಂದ ಸಂಜೆಯವರೆಗೆ ನಿಂತಿದ್ದಳು. ಮುದುಕರನ್ನು ಆಟೋದಿಂದ ಇಳಿಸಿ ಗೇಟಿನವರೆಗೆ ತಂದು ಬಿಡುತ್ತಿದ್ದಳು. ಅಲ್ಲಿಂದ ಒಳಗೆ ಅವಳಿಗೆ ವೋಟಿಲ್ಲ.

ನಾನು ಗೆದ್ದೆ. ಬೇರೆ ವಾರ್ಡುಗಳಲ್ಲಿ ಎದುರು ಪಾರ್ಟಿ ಹೆಚ್ಚು ಗೆದ್ದದ್ದರಿಂದ ಪ್ರೆಸಿಡೆಂಟ್ ಕುರ್ಚಿ ನನಗೆ ಸಿಗಲಿಲ್ಲ, ನಾನು ಬರೀ ವಾರ್ಡ್ ಮೆಂಬರು. ಕಂದಕದ ಫೈಲು ತಳ್ಳುತ್ತಿದ್ದೇನೆ. ಅರ್ಧ ತೋಡಿದ್ದಾರೆ. ಯಾರ ಮನೆಗೆ ಹೋದರೂ ಚಹಾ ಕೊಡುವ ಮೊದಲು ಕೇಳುತ್ತಾರೆ, ವನಜಕ್ಕ ಬರಲಿಲ್ವಾ ಎಂದು.

ಮೊನ್ನೆ ಮತ್ತೆ ಪಟ್ಟಿ ತಿದ್ದುವ ಕಾಲ ಬಂತು. ಹೆಸರು ಸೇರಿಸಲು ವನಜಾಕ್ಷಿ ಅರ್ಜಿ ಹಾಕಿದ್ದಳು. ಅದಕ್ಕೂ ಹಿಯರಿಂಗ್ ಇರುತ್ತದೆ. ನಾನು ಕಚೇರಿಗೆ ಹೋದಾಗ ಅಂಜು ಕೂತು ಒಬ್ಬೊಬ್ಬರಿಗೆ ಫೋನು ಮಾಡುತ್ತಿದ್ದಳು, ನಾನು ಕಲಿಸಿದಂತೆಯೇ. ವನಜಾಕ್ಷಿಯ ಹೆಸರು ಬಂದಾಗ ನನ್ನ ಕಡೆ ನೋಡಿ, "ಚೇಚಿ, ಇದನ್ನ ನಾನು ಮಾಡ್ಲಾ?" ಎಂದಳು. ಅವಳು ಎಲ್ಲ ತಿಳಿದವಳು. ಬೇಡ, ನಾನೇ ಮಾಡುತ್ತೇನೆ ಎಂದೆ.

"ವನಜ ದಿಲ್ಲಿ" ಎಂದೇ ಇತ್ತು ಇನ್ನೂ. ಒತ್ತಿದೆ. ಮೊದಲ ರಿಂಗಿಗೇ ಎತ್ತಿದಳು.

"ವನಜ, ಗುರುವಾರ ಹನ್ನೊಂದು ಗಂಟೆಗೆ ನಿಂಗೆ ಹಿಯರಿಂಗ್ ಅದೆ."

"ಅಮ್ಮಿ, ನನ್ನ ಹೆಸ್ರು ಸೇರಿದ್ರೆ ಮುಂದ್ಲ ಸಲ ಆ ಸೀಟು ನಂಗೇ ಕೊಡ್ತಾರೆ. ಯೋಚ್ನೆ ಮಾಡಿ ಫೋನ್ ಮಾಡ್ದಾ?" ಎಂದಳು.

"ಮಾಡ್ದೆ," ಎಂದೆ.

ಹೊಟ್ಟೆ ಆಗಲೂ ಉರಿಯುತ್ತಲೇ ಇತ್ತು. ಕಾರ್ಡು ತಾ, ರೇಷನ್ ಕಾರ್ಡೂ ತಾ, ಹತ್ತು ಗಂಟೆಯ ಬಸ್ಸು ಹಿಡಿದರೆ ಸರಿಯಾಗಿ ಬರುತ್ತೀಯ ಎಂದು ಎಲ್ಲ ಹೇಳಿ ಮುಗಿಸಿದ ಮೇಲೆಯೇ ಫೋನು ಇಟ್ಟೆ.